ಕೊಟ್ಟಿಗೆಯ ಬೀದಿ ಬಾಗಿಲು

ನಮ್ಮ ನಡುಮನೆಯಲ್ಲಿ ಎಂಟು ಕಂಬಗಳಿದ್ದವು ಎಂದು ನಾನು ಬಹಳ ಕಾಲ ನಂಬಿದ್ದೆ. ಸ್ನೇಹಿತರಿಗೆ ಹಾಗೆಯೇ ಹೇಳಿದ್ದೆ, ಒಂದೆರಡು ಕಡೆ ಬರೆದೂ ಇದ್ದೆ. ಕಳೆದ ಚಳಿಗಾಲದಲ್ಲಿ ಸೋಮನಾಥಪುರಕ್ಕೆ ಹೋದಾಗ ಸುಮ್ಮನೆ ಎಣಿಸಿ ನೋಡಿದೆ. ನಾಲ್ಕು ಇದ್ದವು. ಉಳಿದ ನಾಲ್ಕನ್ನು ಕಿತ್ತ ಗುರುತು ನೆಲದಲ್ಲಾಗಲಿ ತೊಲೆಯಲ್ಲಾಗಲಿ ಇರಲಿಲ್ಲ. ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಕ್ಕನನ್ನು ಕೇಳಿದೆ.

“ಯಾವತ್ತೂ ನಾಕೇ ಇದ್ದದ್ದು ಕಣೋ. ಮಿಕ್ಕ ನಾಕು ನಿನ್ ತಲೇಲಿ ನಿಂತವೆ,” ಅಂದಳು.

ಅವು ಎಲ್ಲಿಂದ ಬಂದವು ಎಂಬುದನ್ನು ನಾನು ಊಹಿಸಬಲ್ಲೆ. ನಮ್ಮ ಹಿತ್ತಲಿನ ಆಚೆ, ಒಂದು ಓಣಿ ದಾಟಿದರೆ, ಹೊಯ್ಸಳರ ಗುಡಿಯ ಪ್ರಾಕಾರ. ರಜೆಯ ದಿನಗಳಲ್ಲಿ ನಾವು ಮಕ್ಕಳು ಅದರ ತಣ್ಣನೆಯ ಕಂಬಗಳ ನಡುವೆಯೇ ಬಿದ್ದಿರುತ್ತಿದ್ದೆವು. ಅಲ್ಲಿಯ ನಾಲ್ಕು ಕಂಬಗಳು ಯಾವಾಗಲೋ ನಮ್ಮ ಮನೆಯೊಳಕ್ಕೆ ನಡೆದು ಬಂದಿರಬೇಕು. ಇದು ನನ್ನ ವೃತ್ತಿಗೆ ಒಪ್ಪುವ ವಿವರಣೆ. ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಓದಿ, ಎಲ್ಲೂ ನಾಲ್ಕು ವರ್ಷ ನಿಲ್ಲದೆ ಊರಿಂದೂರಿಗೆ ಅಲೆದು, ಮುದುಕರ ಮುಂದೆ ರೆಕಾರ್ಡರ್ ಇಟ್ಟು ಅವರ ನೆನಪುಗಳನ್ನು ಬರೆದುಕೊಂಡವನು ನಾನು. ಬರೆದುಕೊಂಡ ಪ್ರತಿಯೊಂದರ ಪಕ್ಕದಲ್ಲೂ ‘ಪರಿಶೀಲಿಸಬೇಕು’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುವುದು ಅಭ್ಯಾಸ. ನನ್ನ ನೆನಪುಗಳ ಪಕ್ಕದಲ್ಲಿ ಆ ಗುರುತು ಹಾಕಿರಲಿಲ್ಲ. ಈ ಅಧ್ಯಾಯದಲ್ಲಿ ಹಾಕುತ್ತಿದ್ದೇನೆ. ಅದೃಷ್ಟಕ್ಕೆ ಪರಿಶೀಲಿಸಲು ಇಬ್ಬರು ಇದ್ದಾರೆ. ಅಕ್ಕ ಮಂಗಳ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನರಸೀಪುರಕ್ಕೆ ಮದುವೆಯಾಗಿ ಹೋಗಿ, ಭಾವನಿಗೆ ನಮ್ಮೂರ ಕಡೆಯ ಸ್ಕೂಲಿಗೆ ವರ್ಗವಾದ ಮೇಲೆ ಅದೇ ಮನೆಯಲ್ಲಿ ಸಂಸಾರ ಹೂಡಿದ್ದಾಳೆ. ಅವ್ವ ಅವಳ ಜೊತೆಗಿದ್ದಾಳೆ. ಇಬ್ಬರಿಗೂ ನನಗಿಂತ ಚೆನ್ನಾಗಿ ನೆನಪಿದೆ, ಇಬ್ಬರ ನೆನಪೂ ಒಂದಕ್ಕೊಂದು ಹೊಂದುವುದಿಲ್ಲ.

ಮನೆ ಹೀಗಿತ್ತು, ಇದಕ್ಕೆ ಮೂವರ ಒಪ್ಪಿಗೆಯೂ ಇದೆ. ಮಣ್ಣಿನ ಗೋಡೆ, ನಾಡಹೆಂಚು. ಬೀದಿಗೆ ಉದ್ದನೆಯ ಜಗಲಿ, ಜಗಲಿಗೆ ಎರಡು ಬಾಗಿಲು. ಬಲಗಡೆಯ ಎತ್ತರದ ಬಾಗಿಲು ನಮ್ಮದು, ಎಡಗಡೆಯ ಗಿಡ್ಡ ಬಾಗಿಲು ಕೊಟ್ಟಿಗೆಯದು. ಕೊಟ್ಟಿಗೆಗೂ ದೇವರ ಕೋಣೆಗೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಅಜ್ಜಿ ಸ್ನಾನ ಮುಗಿಸಿ, ಆ ಕೋಣೆಯಲ್ಲಿ ಎಡಗೈಯ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತರೆ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಗೋಡೆಯಾಚೆ ಹಸು ಮೆಲುಕು ಹಾಕುವ ಸದ್ದು ಮಾತ್ರ ಕೇಳುತ್ತಿತ್ತು. ಪೂಜೆ ಮುಗಿದು, ನಮ್ಮ ಹಣೆಗೆಲ್ಲ ವಿಭೂತಿ ಬಂದ ಮೇಲೆ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅಪ್ಪನ ತಾಯಿಯಾದ ಈ ಅಜ್ಜಿಯ ಹೆಸರು ಪುಟ್ಟಮ್ಮಣ್ಣಿ. ಮನೆಯ ಕಾನೂನು ಅವಳದು. ಹಿತ್ತಲಾಚೆಯ ಗುಡಿ ಅವಳ ಪಾಲಿಗೆ ದೇವಸ್ಥಾನವೇ ಆಗಿರಲಿಲ್ಲ. ಅಲ್ಲಿ ದಿನದ ಪೂಜೆಯಿಲ್ಲ, ಊರಿನವರು ಹರಕೆ ಹೊರುವುದಿಲ್ಲ; ಶಿಲ್ಪಗಳಲ್ಲಿ ಎಷ್ಟೋ ಮೂಗು, ಬೆರಳು ಮುರಿದಿವೆ.

“ಅದು ಸಿವಂದೂ ಅಲ್ಲ, ಇಷ್ಣೂದೂ ಅಲ್ಲ. ಸರ್ಕಾರದ್ದು,” ಅನ್ನುತ್ತಿದ್ದಳು. “ಅದ್ಕೇ ಒಳಿಕ್ ಓಗಕ್ಕೆ ಟಿಕೇಟು.”

ಗುಡಿ ನೋಡಲು ಬರುವವರ ಬಗ್ಗೆ ಮನೆಯಲ್ಲಿ ಮೂರು ಅಭಿಪ್ರಾಯಗಳಿದ್ದವು. ಅಜ್ಜಿಗೆ ಅವರು ತಮಾಷೆ. ಮನೆ ಮಠ ಬಿಟ್ಟು, ಬಿಸಿಲಲ್ಲಿ ಅಷ್ಟು ದೂರದಿಂದ ಕಲ್ಲು ನೋಡಲು ಬರುವವರಿಗೆ ಊರಲ್ಲಿ ಏನೋ ಕಷ್ಟವಿರಬೇಕು ಎಂದು ಅವಳ ಲೆಕ್ಕಾಚಾರ. ಅಪ್ಪನಿಗೆ ಅವರು ಸಂಭ್ರಮ. ನಾಲೆಯ ಕೆಳಗಿನ ಗದ್ದೆಯಲ್ಲಿ ಮಧ್ಯಾಹ್ನದವರೆಗೆ ದುಡಿದು ಬಂದು, ಜಗಲಿಯ ಮೇಲೆ ಕೂತು, ದಾರಿ ಕೇಳಿದವರಿಗೆಲ್ಲ ದಾರಿಯ ಜೊತೆ ಇತಿಹಾಸವನ್ನೂ ಹೇಳುತ್ತಿದ್ದ. ಅದರಲ್ಲಿ ಅರ್ಧ ಅವನೇ ಹುಟ್ಟಿಸಿದ್ದು. ಗುಡಿ ಕೆತ್ತಿದ ಶಿಲ್ಪಿ ನಮ್ಮ ಬೀದಿಯಲ್ಲೇ ಬಿಡಾರ ಮಾಡಿದ್ದ, ನಮ್ಮ ಮನೆಯೂ ಅದೇ ಕಾಲದ್ದು ಎನ್ನುತ್ತಿದ್ದ. ಮನೆ ಕಟ್ಟಿಸಿದ್ದು ನಮ್ಮ ತಾತ. ಅಪ್ಪನ ಮಾತು ನಂಬಿದವರು ಕ್ಯಾಮೆರಾ ಹಿಡಿದು ಸೀದಾ ನಡುಮನೆಗೇ ಬಂದುಬಿಡುತ್ತಿದ್ದರು. ಒಲೆಯ ಮುಂದೆ ಕೂತು ಹಿಟ್ಟು ತೊಳಸುತ್ತಿದ್ದ ಅವ್ವ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಬೇಕಾಗುತ್ತಿತ್ತು. ಒಮ್ಮೆ ನಾವು ಊಟಕ್ಕೆ ಕೂತಿದ್ದಾಗ ಗಂಡ ಹೆಂಡತಿ ಇಬ್ಬರು ಹಾಗೆ ಬಂದರು; ಅಪ್ಪ ಬಿಡದೆ ಕೂರಿಸಿ ಮುದ್ದೆ ಸೊಪ್ಪಿನ ಸಾರು ಹಾಕಿಸಿದ. ಅವರು ಮುದ್ದೆಯನ್ನು ಅಗಿಯತೊಡಗಿದರು. ಅಗಿದಷ್ಟೂ ಅದು ಬಾಯಲ್ಲಿ ಹಿಗ್ಗುತ್ತಾ ಹೋಯಿತು. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

“ಅಗೀಬ್ಯಾಡಿ ಕಣ್ರಪ್ಪ, ನುಂಗಿ. ಅಲ್ಲುಗ್ ಕೆಲ್ಸ ಇಲ್ಲ ಅದ್ರಲ್ಲಿ.”

ಅವ್ವ ನಗಲಿಲ್ಲ. ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತಾ, ಯಾರಿಗೂ ಅಲ್ಲ ಎಂಬಂತೆ ಅಂದಳು:

“ಗುಡೀಗೆ ಗೇಟ್ ಅದೆ, ಬೀಗ ಅದೆ, ಕಾಯೋನವ್ನೆ. ನನ್ ಒಲೆಗೆ ಏನೂ ಇಲ್ಲ.”

ಮೂರನೆಯ ಅಭಿಪ್ರಾಯ ಅವ್ವನದು. ಅದು ಇನ್ನೂ ಗಟ್ಟಿಯಾಗಲು ಕಾರಣವಾದದ್ದು ಒಂದು ಬೇಸಿಗೆಯಲ್ಲಿ ನಡೆದ ಕೆಲಸ. ಗುಡಿಯ ಪಕ್ಕದಲ್ಲಿ ಒಂದು ಬೀಳುನೆಲವಿತ್ತು. ತಂಗಡಿ, ಲಂಟಾನ, ಅಲ್ಲೊಂದು ಇಲ್ಲೊಂದು ಜಾಲಿ, ಆಳು ಮುಳುಗುವಷ್ಟು ಎತ್ತರ. ಅದು ಹೆಂಗಸರ ಕಡೆ. ಬೆಳಗಿನ ಜಾವ ಅವರು ಚೊಂಬು ಹಿಡಿದು ಹೋಗುವ ಜಾಗ. ಗಂಡಸರು ಆ ದಾರಿ ತುಳಿಯುತ್ತಿರಲಿಲ್ಲ, ತುಳಿಯಬಾರದು ಎಂದು ಯಾರೂ ಹೇಳಬೇಕಾಗಿಯೂ ಇರಲಿಲ್ಲ. ಬಸ್ಸುಗಳು ನಿಲ್ಲಲು ಜಾಗ ಬೇಕೆಂದು ಯಂತ್ರ ಬಂದು ಎರಡು ದಿನದಲ್ಲಿ ಅದನ್ನು ಬೋಳಿಸಿತು. ಮಟ್ಟ ಮಾಡಿ, ಜಲ್ಲಿ ಹರಡಿ, ಸುಣ್ಣದ ಗೆರೆ ಎಳೆದರು. ಊರ ಗಂಡಸರಿಗೆ ಖುಷಿ. ಎಳನೀರು, ಸೌತೆಕಾಯಿ ಮಾರಲು ಅನುಕೂಲ. ಹೆಂಗಸರನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ, ಅಲ್ಲಿ ಏನಿತ್ತು ಎಂದು ಎಲ್ಲರೆದುರು ಯಾವ ಹೆಂಗಸು ಬಾಯಿ ಬಿಡುತ್ತಿದ್ದಳು? ಆಮೇಲೆ ಅವರು ಊರಾಚೆಯ ನಾಲೆ ಏರಿಗೆ ಹೋಗಬೇಕಾಯಿತು. ಹೊತ್ತು ಹುಟ್ಟುವ ಮುಂಚೆ ಹೋಗಿ ಬರಬೇಕು, ಇಲ್ಲದಿದ್ದರೆ ಕತ್ತಲಾಗುವವರೆಗೂ ತಡೆದುಕೊಳ್ಳಬೇಕು. ಅವ್ವ ಹಗಲು ನೀರು ಕುಡಿಯುವುದನ್ನು ಬಿಟ್ಟಳು. ಇದು ನನ್ನ ನೆನಪಲ್ಲ, ಅಕ್ಕನದು. ಮಜ್ಜಿಗೆ ಕೊಟ್ಟರೆ ಅವ್ವ ಲೋಟದ ತಳ ಮುಚ್ಚುವಷ್ಟು ಮಾತ್ರ ಹಾಕಿಸಿಕೊಳ್ಳುತ್ತಿದ್ದಳಂತೆ. ನಾನು ಅದೇ ಮನೆಯಲ್ಲಿ, ಅದೇ ಪಂಕ್ತಿಯಲ್ಲಿ ಕೂತು ಎರಡು ಲೋಟ ಕುಡಿದವನು; ನನಗೆ ಅದು ಕಂಡೇ ಇರಲಿಲ್ಲ.

ಅವ್ವ ಅಪ್ಪನನ್ನು ಏನನ್ನಾದರೂ ಬಾಯಿಬಿಟ್ಟು ಕೇಳಿದ್ದು ನನಗೆ ತಿಳಿದಂತೆ ಅದೊಂದೇ ಸಲ. ಸೀರೆಯಲ್ಲ, ಓಲೆಯಲ್ಲ. ಹಿತ್ತಲಲ್ಲಿ ಒಂದು ಕಕ್ಕಸು, ಅದಕ್ಕೊಂದು ಬಾಗಿಲು. ಅಪ್ಪ ಬನ್ನೂರಿನಿಂದ ಇಟ್ಟಿಗೆ ತರಿಸಿ ಗೋಡೆ ಎಬ್ಬಿಸಿದ. ಮೊಣಕಾಲೆತ್ತರ ಬರುವ ಹೊತ್ತಿಗೆ ಗುಡಿಯ ಕಾವಲುಗಾರ ನಂಜುಂಡ ಬಂದ. ಅವನು ಮಗ್ಗುಲ ಬೀದಿಯವನೇ. ಖಾಕಿ ಅಂಗಿ ಹಾಕಿದಾಗ ಮಾತ್ರ ಸರ್ಕಾರದವನಾಗುತ್ತಿದ್ದ.

“ಬಸಪ್ಪಣ್ಣ, ಬ್ಯಾಡ ಕಣಣ್ಣ. ಗುಡಿಯಿಂದ ಇಷ್ಟು ದೂರದೊಳ್ಗೆ ವಸಾ ಗೋಡೆ ಏಳಂಗಿಲ್ಲ. ಸಾಹೇಬ್ರು ಕಣ್ಣಿಗ್ ಬಿದ್ರೆ ನನ್ ಕೆಲ್ಸ ಓಯ್ತದೆ.”

“ಕಕ್ಕಸು ಕಣ್ಲಾ ನಂಜುಂಡ. ನಾನೇನ್ ಇನ್ನೊಂದ್ ಗುಡಿ ಕಟ್ತಾ ಇದೀನಾ?”

“ನಂಗೊತ್ತಿಲ್ವಾ? ನಮ್ಮನೆಯೋಳೂ ದಿನಾ ಇದೇ ಅಂತಾಳೆ. ಅಳೇ ಗೋಡೆ ರಿಪೇರಿ ಮಾಡ್ಕೊ, ಒಳಗೆ ಸುಣ್ಣ ಬಳ್ಕೊ, ನಾ ಕೇಳಕಿಲ್ಲ. ವಸಾದು ಮಾತ್ರ ಆಗಕಿಲ್ಲ.”

ಅಪ್ಪ ಕಾಲಿನಿಂದಲೇ ಗೋಡೆಯನ್ನು ಒದ್ದು ಕೆಡವಿದ. ನಂಜುಂಡ ಖಾಕಿ ತೋಳು ಮಡಿಸಿ, ಇಟ್ಟಿಗೆ ಆರಿಸಿ ಜೋಡಿಸಿಡಲು ಕೈಹಾಕಿದ. ಆಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಕಾಫಿ ಕುಡಿದರು. ಕಾಫಿ ತಂದುಕೊಟ್ಟವಳು ಅವ್ವ. ನನ್ನ ನೆನಪಿನಲ್ಲಿ ಇಲ್ಲಿ ಒಂದು ಜೀಪು ಬರುತ್ತದೆ, ಅದರಿಂದ ಕನ್ನಡಕದ ಸಾಹೇಬರೊಬ್ಬರು ಇಳಿದು ನಕ್ಷೆ ಬಿಚ್ಚುತ್ತಾರೆ. ಜೀಪು ಬರಲೇ ಇಲ್ಲ ಎಂದು ಅಕ್ಕನೂ ಅವ್ವನೂ ಒಂದೇ ಬಾಯಲ್ಲಿ ಹೇಳುತ್ತಾರೆ. ಒಬ್ಬ ಬಡಪಾಯಿ ನೆರೆಯವನು ಒಂದು ಹೆಂಗಸಿನ ಆಸೆಯನ್ನು ನಿಲ್ಲಿಸಿದ ಎನ್ನುವುದು ನನಗೆ ಸಾಲದಾಗಿ, ಯಾವಾಗಲೋ ಒಬ್ಬ ಸಾಹೇಬರನ್ನು ನಾನೇ ಕರೆಸಿರಬೇಕು.

ಅದಾದ ಮೇಲಿನ ಚಳಿಗಾಲ, ಸ್ಕೂಲು ಮಕ್ಕಳ ಪ್ರವಾಸದ ಕಾಲ. ಒಂದು ಮಧ್ಯಾಹ್ನ ಉತ್ತರದ ಕಡೆಯ ಒಬ್ಬ ಟೀಚರು ಏಳನೆಯ ತರಗತಿಯ ಹುಡುಗಿಯೊಬ್ಬಳ ಕೈ ಹಿಡಿದು ನಮ್ಮ ಜಗಲಿ ಹತ್ತಿದರು. ಹುಡುಗಿ ಇನ್ನೊಂದು ಕೈಯಿಂದ ಹಿಂದೆ ಲಂಗ ಹಿಡಿದುಕೊಂಡು ಅಳುತ್ತಿದ್ದಳು. ಅವಳಿಗೆ ಹೊಟ್ಟೆನೋವು ಎಂದು ನನಗೆ ಹೇಳಿದರು. ಎಷ್ಟೋ ವರ್ಷ ನಾನು ಹಾಗೆಯೇ ತಿಳಿದಿದ್ದೆ.

“ಅಕ್ಕಾರ, ಹುಡುಗಿಗೆ ಭಾಳ ತ್ರಾಸ ಆಗೇತ್ರಿ. ನಿಮ್ಮನಿಯಾಗ ಪಾಯಖಾನಿ ಐತೇನ್ರಿ?”

“ಇಲ್ಲ ಕಣವ್ವ,” ಅಂದಳು ಅವ್ವ. ಆ ಎರಡು ಪದ ಹೇಳಲು ಅವಳಿಗೆ ಎಷ್ಟು ಹೊತ್ತು ಹಿಡಿಯಿತು ಎನ್ನುವುದು ನನಗೆ ಚೆನ್ನಾಗಿ ನೆನಪಿದೆ. ಪರಿಶೀಲಿಸುವ ದಾರಿಯಿಲ್ಲ.

ಆದರೆ ಅವರು ವಾಪಸ್ಸು ಇಳಿಯುವಷ್ಟರಲ್ಲಿ ಅವ್ವ ಹುಡುಗಿಯ ಇನ್ನೊಂದು ಕೈ ಹಿಡಿದಾಗಿತ್ತು. ಹಿತ್ತಲಿನಲ್ಲಿ ಜೋಡಿಸಿದ್ದ ಇಟ್ಟಿಗೆಯ ರಾಶಿಗೆ ಒಂದು ತಡಿಕೆ ಒರಗಿಸಿ, ಇನ್ನೊಂದು ಕಡೆಗೆ ಅಕ್ಕನ ಕೈಯಲ್ಲಿ ಸೀರೆ ಹಿಡಿಸಿ, ಮರೆ ಮಾಡಿದಳು. ಅಜ್ಜಿ ಹಂಡೆಯಿಂದ ಬಿಸಿನೀರು ತೋಡಿಕೊಟ್ಟಳು. ಅಕ್ಕನ ಒಂದು ಲಂಗ, ಮಡಿಸಿದ ಹಳೆಯ ಬಟ್ಟೆ ಮರೆಯೊಳಕ್ಕೆ ಹೋದವು. ಹುಡುಗಿ ಮುಖ ತೊಳೆದುಕೊಂಡು ಹೊರಗೆ ಬಂದಾಗ ಅಜ್ಜಿ ನಡುಮನೆಗೆ ಕರೆದಳು. ಟೀಚರು ಹೊಸಿಲಿನಲ್ಲೇ ತಡೆದರು.

“ಬ್ಯಾಡ್ರಿ ಅಜ್ಜಿ. ದೇವರ ಖೋಲಿ ಇಲ್ಲೇ ಐತಿ. ಹುಡುಗಿ ಮುಟ್ಟಾಗ್ಯಾಳ್ರಿ, ಹೊರಗ ಕುಂದರಸ್ತೀನಿ.”

“ಯಾಕವ್ವ ಒರಗೆ? ಲಿಂಗ ಕಟ್ಟಿರೋರ್ ಮನೇಲಿ ಅದ್ಕೆಲ್ಲ ಸೂತ್ಕ ಇಲ್ಲ. ಬಾ ಮಗ, ಒಳಿಕ್ ಬಾ. ಬೆಲ್ಲ ತಿನ್ನು.”

ನಮ್ಮವರಲ್ಲಿ ಎಷ್ಟೋ ಮನೆಗಳಲ್ಲಿ ಈ ಮಾತು ಬಾಯಲ್ಲಿತ್ತು, ನಡತೆಯಲ್ಲಿರಲಿಲ್ಲ. ಹುಟ್ಟಿಗೆ, ಸಾವಿಗೆ, ಮುಟ್ಟಿಗೆ, ಎಂಜಲಿಗೆ, ಜಾತಿಗೆ ಮೈಲಿಗೆಯಿಲ್ಲ ಎಂದು ಹೇಳಿಕೊಂಡೇ ಎಲ್ಲ ಮೈಲಿಗೆಗಳನ್ನೂ ಆಚರಿಸುವವರಿದ್ದರು. ಅಜ್ಜಿ ಮಾತ್ರ ಆ ವಿಷಯದಲ್ಲಿ ಪಕ್ಕಾ. ಅವ್ವನನ್ನಾಗಲಿ ಅಕ್ಕನನ್ನಾಗಲಿ ಅವಳು ಒಂದು ದಿನವೂ ಹೊರಗೆ ಕೂರಿಸಿದವಳಲ್ಲ. ಹುಡುಗಿ ದೇವರ ಕೋಣೆಯ ಬಾಗಿಲ ಮುಂದೆಯೇ ಕೂತು ಬೆಲ್ಲ, ಕಡಲೆ ತಿಂದಳು. ಹೊರಡುವಾಗ ಟೀಚರು ಜಗಲಿಯಲ್ಲಿದ್ದ ಅಪ್ಪನ ಕಡೆ ತಿರುಗಿದರು. ಅಪ್ಪ ಶಿಲ್ಪಿಯ ಕಥೆ ಶುರು ಮಾಡಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ.

“ಯಜಮಾನ್ರ, ನಿಮ್ಮ ಮಂದಿ ಭಾಳ ಛಲೋ ಅದಾರ್ರಿ. ದನಕ್ಕ ಸೈತ ಬ್ಯಾರೆ ಬಾಗಲಾ ಇಟ್ಟೀರಿ. ಹೆಣ್ಮಕ್ಕಳಿಗೆ ಒಂದು ಬ್ಯಾಡೇನ್ರಿ?”

ಅಪ್ಪ ಆ ದಿನ ಶಿಲ್ಪಿಯ ಕಥೆ ಹೇಳಲಿಲ್ಲ. ಬಸ್ಸು ಹೋದ ಮೇಲೂ ಗಿಡ್ಡ ಬಾಗಿಲನ್ನೇ ನೋಡುತ್ತಾ ಕೂತಿದ್ದ. ಆಮೇಲೆ ಎದ್ದು ಹೋಗಿ ಕೊಟ್ಟಿಗೆಯೊಳಗೆ ಹೆಜ್ಜೆ ಹಾಕಿ ಅಳೆದ. ಸಾಯಂಕಾಲದ ಊಟಕ್ಕೆ ಕೂತಾಗ ಹೇಳಿದ: ಕೊಟ್ಟಿಗೆ ಹಳೆಯದು, ಅದರ ಗೋಡೆ ಹಳೆಯದು, ಒಳಗೆ ಅರ್ಧಕ್ಕೆ ಅಡ್ಡಗೋಡೆ ಹಾಕಿದರೆ ಅದು ರಿಪೇರಿ. ಕೊಳವೆ ಬಿಡಲು ಹಿಂದೆ ತಿಪ್ಪೆಗುಂಡಿ ತಾತನ ಕಾಲದಿಂದಲೂ ಇದೆ. ಅದಕ್ಕೆ ಸಿಮೆಂಟಿನ ರಿಂಗು ಇಳಿಸಿ ಚಪ್ಪಡಿ ಮುಚ್ಚಿದರಾಯಿತು. ಹಸುವಿಗೆ ಉಳಿದರ್ಧ ಸಾಕು, ಅದು ಹಿತ್ತಲ ಕಡೆಯಿಂದ ಓಡಾಡಲಿ. ಯಾವ ಸಾಹೇಬರ ಅಪ್ಪಣೆಯೂ ಬೇಕಿಲ್ಲ.

ಬೇಕಾಗಿದ್ದ ಅಪ್ಪಣೆ ಅಜ್ಜಿಯದು. ಅವಳು ತಟ್ಟೆ ಸರಿಸಿದಳು.

“ದೇವ್ರುಕೋಣೆ ಗೋಡೆ ಆಚೆ ಕಕ್ಕಸಾ? ನಾನು ಈಚೆ ಲಿಂಗ ಇಡ್ಕೊಂಡ್ ಕೂತಿರ್ತೀನಿ, ಆಚೆ ನೀವು ಚೊಂಬು ಇಡ್ಕೊಂಡ್ ಕೂತಿರ್ತೀರಾ?”

“ಈಗ್ಲೂ ಅಸು ಸಗಣಿ ಆಕ್ತದಲ್ಲವ್ವ ಆಚೆ?” ಅಂದ ಅಪ್ಪ.

“ಅದು ಅಸು. ನೀನು ಅಸುವಾ?”

ಮೂರು ದಿನ ಅಜ್ಜಿ ಊಟದ ತಟ್ಟೆಯನ್ನು ಜಗಲಿಗೆ ತರಿಸಿಕೊಂಡಳು. ಅವ್ವ ತಂದಿಡುತ್ತಿದ್ದಳು, ಎತ್ತಿಕೊಂಡು ಹೋಗುತ್ತಿದ್ದಳು. ಅವಳಿಗೆ ಬೇಕಾಗಿದ್ದ ಬಾಗಿಲು ಎರಡನೆಯ ಸಲ ಮುಚ್ಚಿಹೋಗುವುದರಲ್ಲಿತ್ತು, ಮತ್ತು ಈ ಸಲ ಮುಚ್ಚುವವರ ಹೆಗಲ ಮೇಲೆ ಖಾಕಿ ಇರಲಿಲ್ಲ. ನಾಲ್ಕನೆಯ ದಿನ ಊಟದ ಹೊತ್ತಿಗೆ ಜಗಲಿಯಲ್ಲೇ ಒಂದು ಪ್ರಶ್ನೆ ಬಂತು. ಲಿಂಗ ಕಟ್ಟಿದವರಿಗೆ ಯಾವ ಸೂತಕವೂ ಇಲ್ಲ, ಆ ಹುಡುಗಿ ದೇವರ ಕೋಣೆ ಮುಂದೆಯೇ ಕೂರಬಹುದು. ಹಾಗಾದರೆ ಕಕ್ಕಸಿಗೊಂದಕ್ಕೆ ಮಾತ್ರ ಸೂತಕ ಎಲ್ಲಿಂದ ಬಂತಜ್ಜಿ?

ಈ ಪ್ರಶ್ನೆ ಕೇಳಿದವನು ನಾನು. ಅಂತೂ ಮೂವತ್ತು ವರ್ಷ ನಾನು ಹಾಗೆ ಹೇಳಿಕೊಂಡು ಬಂದಿದ್ದೇನೆ. ತರಗತಿಗಳಲ್ಲಿ ಹೇಳಿದ್ದೇನೆ, ಸಂದರ್ಶನಗಳಲ್ಲಿ ಹೇಳಿದ್ದೇನೆ. ಎಂಟು ವರ್ಷದ ಹುಡುಗ, ಕೈಯಲ್ಲಿ ಹಪ್ಪಳ, ಮುಂದೆ ಅಜ್ಜಿ; ಅದೇ ನನ್ನ ಮೊದಲ ಸಂಶಯ, ಅಲ್ಲಿಂದಲೇ ನಾನು ನಾನಾದದ್ದು ಎಂದು. ಈ ಅಧ್ಯಾಯ ಬರೆಯಲು ಕೂತಾಗ ನಿಯಮದಂತೆ ಇದನ್ನೂ ಪರಿಶೀಲನೆಗೆ ಹಾಕಿದೆ. ಅವ್ವನನ್ನು ಕೇಳಿದೆ. ಅವಳು ಅಕ್ಕನ ಕಡೆ ಕೈ ತೋರಿಸಿದಳು. ಅಕ್ಕ ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ.

“ನಾನ್ ಕಣೋ ಕೇಳಿದ್ದು. ಅಪ್ಪ ತಲೆ ಮೇಲೆ ಮೊಟಕುದ್ರು, ಅಜ್ಜಿ ಮುಂದೆ ಎದುರು ಮಾತಾಡ್ತೀಯ ಅಂತ. ನೀನು ಇನ್ನೊಂದು ಅಪ್ಳ ಕೊಡ್ನಿಲ್ಲ ಅಂತ ಅಳ್ತಾ ಕೂತಿದ್ದೆ.”

“ಹಪ್ಪಳ ಇತ್ತು ಅನ್ನೋದು ನಿಜ ತಾನೆ?” ಅಂದೆ.

“ಅಪ್ಳ ನಿಜ.”

ಒಂದೆರಡು ದಿನ ನನಗೆ ಬೇಸರವಾಗಿತ್ತು, ಮುಚ್ಚಿಡುವುದಿಲ್ಲ. ಅಷ್ಟು ವರ್ಷ ತಿದ್ದಿ ತೀಡಿ ಇಟ್ಟುಕೊಂಡಿದ್ದ ಒಂದು ಹುಟ್ಟಿನ ಕಥೆ ಕೈತಪ್ಪಿತ್ತು. ಆಮೇಲೆ ಅನ್ನಿಸಿತು, ಪ್ರಶ್ನೆ ಕೇಳಿದವಳ ಪಕ್ಕದಲ್ಲಿ ಕೂತು, ಅಳುವಿನ ಮಧ್ಯೆಯೂ ಅದನ್ನು ಕೇಳಿಸಿಕೊಂಡು, ಕೊನೆಗೆ ನನ್ನದೇ ಎಂದು ನಂಬುವಷ್ಟು ಒಳಕ್ಕೆ ಇಳಿಸಿಕೊಂಡವನು ನಾನೇ ಅಲ್ಲವೇ. ನನಗೆ ಕಲಿಸಿದ ಮೇಷ್ಟ್ರುಗಳ ಪಟ್ಟಿಯಲ್ಲಿ ಈಗ ಅಕ್ಕನ ಹೆಸರು ಮೊದಲಿಗಿದೆ. ಅವಳಿಗೆ ಇದನ್ನು ಹೇಳಿದರೆ, ಪಟ್ಟಿ ಇಟ್ಕೊಂಡು ಏನ್ ಮಾಡ್ಲಿ, ಈ ಕಾಯಿ ಸುಲಿ ಅಂದಳು.

ಅಜ್ಜಿ ಅಂದು ತಟ್ಟೆಯಲ್ಲಿ ಕೈ ತೊಳೆದು ಎದ್ದಳು. ಮಾರನೆಯ ಬೆಳಿಗ್ಗೆ ಪೂಜೆಗೆ ಕೂತವಳು ಎಂದಿಗಿಂತ ಹೆಚ್ಚು ಹೊತ್ತು ಕೂತಿದ್ದಳು. ಹೊರಗೆ ಬಂದು, ಅಕ್ಕನ ಹಣೆಗೆ ಎಲ್ಲರಿಗಿಂತ ಮೊದಲು ವಿಭೂತಿ ಹಚ್ಚಿ, ಅಪ್ಪನಿಗೆ ಅಂದಳು:

“ಮಾಡ್ಕೊ. ಆದ್ರೆ ಬಾಗ್ಲು ನಡುಮನೆ ಕಡೀಕ್ ಬ್ಯಾಡ. ಈಗಿರಂಗೆ ಬೀದಿಗೇ ಇರ್ಲಿ.”

ಮನೆಯ ಮಡಿ ಕಾಪಾಡಲು ಅವಳು ಹಾಕಿದ ಈ ಒಂದು ಷರತ್ತು ಏನು ಮಾಡುತ್ತದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಬಿದ್ದ ಗೋಡೆಯ ಇಟ್ಟಿಗೆಗಳು ಅಡ್ಡಗೋಡೆಯಾದವು. ನಂಜುಂಡ ಸಾಯಂಕಾಲ ಡ್ಯೂಟಿ ಮುಗಿಸಿ, ಖಾಕಿ ಬಿಚ್ಚಿಟ್ಟು ಬಂದು ಮರಳು ಜರಡಿ ಹಿಡಿದ. ಮುಗಿದ ಮೇಲೆ ತನ್ನ ಹೆಂಡತಿಯನ್ನು ಕರೆತಂದು ತೋರಿಸಿದ. ಬೀದಿಯ ಗೋಡೆ, ಗಿಡ್ಡ ಬಾಗಿಲು ಇದ್ದಂತೆಯೇ ಇದ್ದವು. ಹಳೆಯ ಹಲಗೆಗೆ ಒಳಗಡೆ ಒಂದು ಅಗುಳಿ ಬಂತು, ಅಷ್ಟೆ. ಆದರೆ ಬೀದಿಗೆ ಬಾಗಿಲಿರುವ ಕಕ್ಕಸು ಒಂದು ಮನೆಯದಾಗಿ ಉಳಿಯುವುದು ಹೇಗೆ? ವಾರದೊಳಗೆ ಬೀದಿಯ ಹೆಂಗಸರು ಬಂದರು. ತಿಂಗಳೊಳಗೆ ಬಸ್ಸುಗಳಿಂದ ಇಳಿದ ಹೆಂಗಸರೂ ಸಾಲಾಗಿ ಬಂದರು, ಯಾರು ಹೇಳಿಕಳಿಸುತ್ತಿದ್ದರೋ ತಿಳಿಯದು. ಅಜ್ಜಿ ಕಾಸು ಮುಟ್ಟಲಿಲ್ಲ, ಇನ್ನೊಂದು ಕಾನೂನು ಮಾಡಿದಳು: ಹೋಗಿ ಬಂದವರು ಬೀದಿ ಕೊನೆಯ ನಲ್ಲಿಯಿಂದ ಒಂದು ಬಿಂದಿಗೆ ನೀರು ತಂದು, ಮುಂದಿನವರಿಗೆ ತೊಟ್ಟಿ ತುಂಬಬೇಕು. ಪ್ಯಾಂಟು ಹಾಕಿದವರು, ಫಾರಿನ್ನಿನವರು, ಎಲ್ಲರೂ ಸೊಂಟದ ಮೇಲೆ ಬಿಂದಿಗೆ ಕೂರಿಸಲು ಬಾರದೆ ಮೈಯೆಲ್ಲ ನೆನೆಸಿಕೊಂಡು ತಂದರು. ಅವ್ವ ಅವರಿಗೆ ಬಿಂದಿಗೆ ಹಿಡಿಯುವುದನ್ನು ತೋರಿಸಿಕೊಡುತ್ತಿದ್ದಳು. ಗೋಡೆಯ ಕಡೆ ತಿರುಗುತ್ತಿದ್ದವಳು ಬೀದಿಯ ಮಧ್ಯೆ ನಿಂತು, ಗೊತ್ತಿಲ್ಲದವರ ಮೊಣಕೈ ಹಿಡಿದು ಬಗ್ಗಿಸಿ ನಗುತ್ತಿದ್ದಳು. ಅವರ ಬಗ್ಗೆ ಮನೆಯಲ್ಲಿದ್ದ ಮೂರನೆಯ ಅಭಿಪ್ರಾಯ ಯಾವ ದಿನ ಬದಲಾಯಿತು ಎಂದು ಹೇಳಲಾರೆ.

ಈಗ ನಮ್ಮೂರ ಗುಡಿ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಬಸ್ಸು ಹೆಚ್ಚಿವೆ, ಟಿಕೇಟಿನ ಹತ್ತಿರವೇ ಕಕ್ಕಸುಗಳೂ ಬಂದಿವೆ. ಬೀದಿಯವರಿಗೆ ಹೆಮ್ಮೆಯೂ ಇದೆ, ಸಿಟ್ಟೂ ಇದೆ. ಒಂದೇ ಮಾತಿನಲ್ಲಿ ಎರಡೂ ಬರುತ್ತವೆ. ಸೋರುವ ಮಾಡಿಗೆ ಶೀಟು ಹಾಕಬೇಕಾದರೂ ಕಾಗದ ಹಿಡಿದು ಓಡಾಡಬೇಕು. ಆದರೆ ನಂಜುಂಡನ ಮೊಮ್ಮಗಳು ಬಂದವರಿಗೆ ಮೂರು ಭಾಷೆಯಲ್ಲಿ ಗುಡಿ ತೋರಿಸುತ್ತಾಳೆ, ಅಪ್ಪನ ಶಿಲ್ಪಿಯ ಕಥೆಯನ್ನು ಮಾತ್ರ ಹೇಳುವುದಿಲ್ಲ. ನಾನು ಹೋಗಿದ್ದಾಗ ಇನ್ನಷ್ಟು ಅನುಕೂಲಗಳ ಬಗ್ಗೆ ಸ್ಕೂಲಿನಲ್ಲಿ ಊರಿನವರ ಸಭೆ ಕರೆದಿದ್ದರು. ಗೋಡೆಗೆ ನಕ್ಷೆ ಅಂಟಿಸಿತ್ತು. ಬಹಳ ಹೊತ್ತು ಗಂಡಸರೇ ಮಾತಾಡಿದರು. ಆಮೇಲೆ ಅಕ್ಕ ಎದ್ದಳು.

“ಮೇಡಮ್, ಮನೆ ರಿಪೇರಿಗೆ ಅರ್ಜಿ ಆಕುದ್ರೆ ಆಯ್ತದೆ ಅನ್ನಿ, ಆಗಕಿಲ್ಲ ಅನ್ನಿ. ಇಷ್ಟು ದಿನದೊಳ್ಗೆ ಉತ್ರ ಬತ್ತದೆ ಅಂತ ಯೋಳಿ. ಇನ್ನೊಂದು, ಆ ನಕ್ಸೇಲಿ ಎಲ್ಲೆಲ್ಲಿ ಏನ್ ಬತ್ತದೆ ಅಂತ ಗೆರೆ ಎಳೆಯೋಕ್ ಮುಂಚೆ ಅಲ್ಲಿ ಈಗ ಏನದೆ ಅಂತ ನಮ್ ಎಂಗಸ್ರುನ್ನ ಕೇಳಿ.”

ನಕ್ಷೆಯ ಪಕ್ಕದಲ್ಲಿದ್ದ ಚಿಕ್ಕ ವಯಸ್ಸಿನ ಅಧಿಕಾರಿ ಎರಡನ್ನೂ ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿ, ಗೋಡೆಯ ನಕ್ಷೆ ಬಿಡಿಸಿಕೊಂಡು, ಬನ್ನಿ, ಈಗಲೇ ತೋರಿಸಿ ಎಂದು ಹೊರಟಳು. ಹೆಂಗಸರು ಅವಳನ್ನು ಮಧ್ಯೆ ಹಾಕಿಕೊಂಡು ಬಿಸಿಲಲ್ಲೇ ಊರು ಸುತ್ತಿಸಿದರು. ನಾನು ಸ್ವಲ್ಪ ಹಿಂದೆ ನಡೆದೆ. ಬರೆದುಕೊಂಡದ್ದೆಲ್ಲ ಆಗುತ್ತದೆ ಎಂದು ನಂಬುವವನಲ್ಲ ನಾನು. ಆದರೆ ಅವಳು ನಕ್ಷೆಯ ಒಂದು ಗೆರೆಯನ್ನು ಅಲ್ಲೇ ನಿಂತು ಅಳಿಸಿದ್ದನ್ನು ನೋಡಿದ್ದೇನೆ. ಇದು ಹಳೆಯ ನೆನಪಲ್ಲ, ಇನ್ನೂ ಹಸಿಯಾಗಿದೆ, ಅಕ್ಕನೂ ಸಾಕ್ಷಿ.

ಇಷ್ಟೆಲ್ಲ ತಕರಾರುಗಳ ನಡುವೆ, ನಾವು ಮೂವರೂ ಒಂದೇ ರೀತಿ ಹೇಳುವ ನೆನಪು ಒಂದಿದೆ. ಅದು ಕೊಟ್ಟಿಗೆಯ ಬಾಗಿಲಿಗೆ ಅಗುಳಿ ಬಂದ ಮಾರನೆಯ ಬೆಳಿಗ್ಗೆ. ಅಜ್ಜಿಯ ಪೂಜೆ ಆಗಿತ್ತು. ಬಿಸಿಲು ಜಗಲಿಗೆ ಬಂದಿತ್ತು. ಅವ್ವ ರೊಟ್ಟಿಯ ಹಿಟ್ಟು ಕಲಸಿ ಮುಚ್ಚಿಟ್ಟು, ಚೊಂಬು ತೆಗೆದುಕೊಂಡು, ಬೀದಿಯ ಎರಡೂ ಕಡೆ ನೋಡಿ, ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಹಗಲು ಹೊತ್ತಿನಲ್ಲಿ. ಅಪ್ಪ ಗದ್ದೆಗೆ ಹೊರಡಲು ರೊಟ್ಟಿಗಾಗಿ ಕಾಯುತ್ತಿದ್ದ. ಅಕ್ಕನಿಗೆ ಸ್ಕೂಲಿಗೆ ಹೊತ್ತಾಗುತ್ತಿತ್ತು. ನಾನು ಒಲೆಯ ಮುಂದಿನಿಂದ ಜಗಲಿಗೂ ಜಗಲಿಯಿಂದ ಒಲೆಗೂ ಓಡಾಡುತ್ತಿದ್ದೆ. ಅವ್ವ ಬರಲಿಲ್ಲ. ಒಳಗಿನಿಂದ ಸದ್ದಿಲ್ಲ. ಅಡ್ಡಗೋಡೆಯ ಆಚೆಯ ಹಸು ಒಮ್ಮೆ ಕೂಗಿ ಸುಮ್ಮನಾಯಿತು.

“ಏನಾಯ್ತವ್ವ ಇವ್ಳಿಗೆ? ಮಂಗ್ಳ, ಓಗಿ ಕರಿ,” ಅಂದ ಅಪ್ಪ.

“ಸುಮ್ಕಿರ್ಲ,” ಅಂದಳು ಅಜ್ಜಿ. “ಅವ್ಳೂ ಒಂದೀಟ್ ಕೂರ್ಲಿ.”

ಅಷ್ಟರಲ್ಲಿ ದಿನದ ಮೊದಲ ಬಸ್ಸು ಬಂತು. ಕಪ್ಪು ಕನ್ನಡಕದ, ಕೊಡೆ ಹಿಡಿದ ಒಬ್ಬ ಹೆಂಗಸು ಅವಸರದಲ್ಲಿ ಜಗಲಿ ಹತ್ತಿ, ನಮ್ಮನ್ನೆಲ್ಲ ಒಮ್ಮೆ ನೋಡಿ, ಯಾರು ಹೇಳಿಕಳಿಸಿದ್ದರೋ, ನಮ್ಮಲ್ಲಿ ಯಾರನ್ನೂ ಕೇಳದೆ ಗಿಡ್ಡ ಬಾಗಿಲನ್ನು ತಟ್ಟಿದಳು. ಪರವೂರಿನವರು ಬಂದರೆ ಎದ್ದು ಜಾಗ ಬಿಟ್ಟೇ ಅಭ್ಯಾಸವಿದ್ದ ಅವ್ವ ಈಗ ಗಾಬರಿಯಿಂದ ಹೊರಗೆ ಓಡಿಬರುತ್ತಾಳೆ ಎಂದು ನಾವೆಲ್ಲ ಬಾಗಿಲನ್ನೇ ನೋಡಿದೆವು. ಬಾಗಿಲು ತೆಗೆಯಲಿಲ್ಲ. ಒಳಗಿನಿಂದ ಅವಳ ದನಿ, ಬೀದಿಯವರಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಬಂತು.

“ಒಳ್ಗೆ ನಾನಿದೀನಿ ಕಣವ್ವ. ಕೂತ್ಕೊ, ಬತ್ತೀನಿ.”

ಆ ಹೆಂಗಸು ಕೊಡೆ ಮಡಿಸಿ ಅಜ್ಜಿಯ ಪಕ್ಕದಲ್ಲಿ ಕೂತಳು. ಯಾವೂರವ್ವ ನಿಮ್ದು ಎಂದು ಅಜ್ಜಿ ಮಾತು ತೆಗೆದಳು. ಅವ್ವ ಅವಸರ ಮಾಡಲಿಲ್ಲ.